ಟ್ಯೂಬಿಂಗೆನ್ನಿನಲ್ಲಿ ಎರಡು ದಿನ

ಪರದೇಶದಲ್ಲಿ ಓದುವ ವಿದ್ಯಾರ್ಥಿಗೆ ವಾರದ ಕೊನೆಯ ಎರಡು ದಿನಗಳನ್ನು ಕಳೆಯುವುದೇ ಒಂದು ಸಮಸ್ಯೆ. ಸಹಪಾಠಿಗಳು ತಮ್ಮ ತಮ್ಮ ಊರುಗಳಿಗೆ ಹೊರಟುಹೋಗಿರುತ್ತಾರೆ. ಜರ್ಮನಿಯಲ್ಲಂತೂ ಭಾನುವಾರ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ. ಕೋಣೆಯಲ್ಲಿ ಕುಳಿತರೆ ಮನೆಯ ಅಡುಗೆಯ ನೆನಪು ಕಾಡುತ್ತದೆ. ಆದ್ದರಿಂದ ಶನಿವಾರ ಬೆಳಿಗ್ಗೆ ಒಂದು ಚೀಲವನ್ನು ಹೆಗಲಿಗೇರಿಸಿ ಯಾವುದಾದರೊಂದು ರೈಲು ಹತ್ತುವುದು ವಾಡಿಕೆ. ಇಂದು ರಾಜಾಜಿನಗರ, ವಿಜಯನಗರ, ಗೋವಿಂದರಾಜನಗರಗಳ ಬೀದಿಗಳಿಂದಲೇ ಎಷ್ಟೋ ಹುಡುಗ ಹುಡುಗಿಯರು ಜರ್ಮನಿಗೆ ಓದಲು ಹೋಗುತ್ತಾರೆ. ಅವರು ಮನೆಗೆ ಕಳಿಸುವ ಚಿತ್ರಗಳಲ್ಲಿ ಪ್ಯಾರಿಸ್ಸಿನ ಉಕ್ಕಿನ ಗೋಪುರ, ರೋಮಿನ ಹಾಳು ರಂಗಸ್ಥಳ ಇವೇ ಹೆಚ್ಚು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕನ್ನಡ ಬಲ್ಲ ವಿದ್ಯಾರ್ಥಿ ನೋಡಲೇಬೇಕಾದ ಊರೊಂದು ಯೂರೋಪಿನಲ್ಲಿದೆ. ಪ್ರವಾಸಿಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನವಿಲ್ಲ. ಸ್ಟುಟ್‌ಗಾರ್ಟಿನಲ್ಲಿ ಓದುತ್ತಿದ್ದಾಗ ನಾನು ಅಂಥದೊಂದು ಶನಿವಾರ ಅಲ್ಲಿಗೆ ಹೋದೆ. ರೈಲಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಊರಿನ ಹೆಸರು ಟ್ಯೂಬಿಂಗೆನ್.

ನೆಕಾರ್ ನದಿಯ ದಂಡೆಯ ಮೇಲೆ, ಗುಡ್ಡಕ್ಕೆ ಆತುಕೊಂಡು ನಿಂತಿರುವ ಪುಟ್ಟ ಪಟ್ಟಣವಿದು. ಎಬರ್‌ಹಾರ್ಡ್ ಎಂಬ ದೊರೆ 1477ರಲ್ಲಿ ಇಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ. ನಮ್ಮಲ್ಲಿ ಅದು ವಿಜಯನಗರದ ಸಂಗಮ ವಂಶದ ಕೊನೆಗಾಲ. ಅಂದಿನಿಂದ ಊರೆಂದರೆ ವಿದ್ಯಾಲಯ, ವಿದ್ಯಾಲಯವೆಂದರೆ ಊರು. ಹೊಳೆಯಲ್ಲಿ ವಿದ್ಯಾರ್ಥಿಗಳು ಉದ್ದನೆಯ ಚಪ್ಪಟೆ ದೋಣಿಗಳನ್ನು ಗಳು ಊರಿ ನಡೆಸುತ್ತಾರೆ, ನಮ್ಮ ಕರಾವಳಿಯ ಅಂಬಿಗರು ಜಲ್ಲೆ ಹಾಕುವಂತೆ. ಗುಡ್ಡದ ನೆತ್ತಿಯ ಕೋಟೆಯ ಹಳೆಯ ಅಡುಗೆಮನೆ ಹತ್ತೊಂಬತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಯಾಗಿತ್ತು. ಮೀಷರ್ ಎಂಬ ತರುಣ 1869ರಲ್ಲಿ, ಆಸ್ಪತ್ರೆಯಿಂದ ತಂದ ಕೀವಿನ ಬಟ್ಟೆಗಳಿಂದ, ಇಂದು ನಾವು ಡಿಎನ್ಎ ಎಂದು ಕರೆಯುವ ದ್ರವ್ಯವನ್ನು ಮೊಟ್ಟಮೊದಲು ಬೇರ್ಪಡಿಸಿದ್ದು ಅಲ್ಲಿಯೇ. ಇದು ನನ್ನ ವಿಷಯವಲ್ಲ. ಆದರೂ ಅಡುಗೆಮನೆಯೊಂದರ ಭಾಗ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಕೋಟೆಯಿಂದ ಇಳಿದು ಬಂದರೆ ಹೊಳೆಯ ಹತ್ತಿರ ‘ಷ್ಟಿಫ್ಟ್’ ಎಂಬ ಹಳೆಯ ವಿದ್ಯಾರ್ಥಿನಿಲಯ ಸಿಕ್ಕುತ್ತದೆ. 1536ರಲ್ಲಿ ಆರಂಭವಾದ ಈ ಮಠದಂಥ ಮನೆಯಲ್ಲಿ ಪ್ರತಿಭಾವಂತ ಬಡ ಹುಡುಗರಿಗೆ ಊಟ ವಸತಿ ಕೊಟ್ಟು ದೇವತಾಶಾಸ್ತ್ರ ಓದಿಸುತ್ತಿದ್ದರು. ಖಗೋಳಜ್ಞ ಕೆಪ್ಲರ್ ಇಲ್ಲಿ ಓದಿದವನು. ಹೆಗೆಲ್, ಶೆಲ್ಲಿಂಗ್ ಎಂಬ ಇಬ್ಬರು ದಾರ್ಶನಿಕರೂ ಹೋಲ್ಡರ್‌ಲಿನ್ ಎಂಬ ಮಹಾಕವಿಯೂ ಒಂದೇ ಕಾಲದಲ್ಲಿ ಇಲ್ಲಿದ್ದ ಸಹಪಾಠಿಗಳು. ಪಾದ್ರಿಗಳನ್ನು ತಯಾರಿಸಲೆಂದು ಕಟ್ಟಿದ ಮನೆ, ಪಾದ್ರಿಯಾಗಲಾರದವರನ್ನೇ ಹೆಚ್ಚಾಗಿ ಲೋಕಕ್ಕೆ ಕೊಟ್ಟಿತೆಂದು ತೋರುತ್ತದೆ.

ಹೋಲ್ಡರ್‌ಲಿನ್ನನ ಕಥೆ ಕರುಣಾಜನಕ. ಚಿತ್ತಸ್ವಾಸ್ಥ್ಯ ಕೆಟ್ಟ ಕವಿಯನ್ನು ತ್ಸಿಮ್ಮರ್ ಎಂಬ ಬಡಗಿಯೊಬ್ಬ 1807ರಲ್ಲಿ ತನ್ನ ಮನೆಗೆ ಕರೆತಂದ. ಹೊಳೆಗೆ ಮುಖಮಾಡಿದ ಗೋಪುರದ ಕೋಣೆಯಲ್ಲಿ ಕವಿ 36 ವರ್ಷ ಬದುಕಿದ. ಈಗ ನಾವು ಕಾಣುವ ಹಳದಿ ಗೋಪುರ 1875ರ ಬೆಂಕಿಯ ಅನಂತರ ಮತ್ತೆ ಕಟ್ಟಿದ್ದು. ಜಾಗ ಮಾತ್ರ ಅದೇ. ಆ ಕೋಣೆಯ ಕಿಟಕಿಯ ಬಳಿ ನಿಂತಾಗ ನನ್ನ ಮನಸ್ಸಿನಲ್ಲಿ ಸುಳಿದದ್ದು ಒಂದು ತಾರೀಖು. ಕವಿ ತೀರಿಕೊಂಡದ್ದು 1843ರ ಜೂನ್ 7ರಂದು. ಅದಾಗಿ ಒಂದು ತಿಂಗಳೂ ಕಳೆಯದೆ, ಜುಲೈ 1ರಂದು, ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ನಾಲ್ಕು ಪುಟದ ಪತ್ರಿಕೆಯೊಂದು ಹೊರಬಿತ್ತು. ಅದೇ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ವೃತ್ತಪತ್ರಿಕೆ. ಅದನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಈ ಟ್ಯೂಬಿಂಗೆನ್ನಿನಲ್ಲಿಯೇ ಓದಿದವರು. ಅವರು ಇಲ್ಲಿ ವಿದ್ಯಾರ್ಥಿಯಾಗಿದ್ದಾಗ ಆ ಕವಿ ಈ ಗೋಪುರದಲ್ಲಿಯೇ ಇದ್ದ.

ಮೋಗ್ಲಿಂಗರ ಕಾಲದ ಟ್ಯೂಬಿಂಗೆನ್ ಕಣ್ಣುಮುಚ್ಚಿ ನಂಬುವವರ ಊರಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಷ್ಟಿಫ್ಟಿನಲ್ಲಿ ಪಾಠ ಹೇಳುತ್ತಿದ್ದ ಸ್ಟ್ರೌಸ್ ಎಂಬ ತರುಣ ಉಪಾಧ್ಯಾಯ 1835ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕುರಿತು ಬರೆದ ಗ್ರಂಥದಿಂದ ಇಡೀ ಜರ್ಮನಿ ಅಲ್ಲೋಲಕಲ್ಲೋಲವಾಯಿತು. ಸುವಾರ್ತೆಗಳಲ್ಲಿ ಇತಿಹಾಸವೆಷ್ಟು, ಪುರಾಣವೆಷ್ಟು ಎಂದು ಆತ ಕೇಳಿದ್ದ. ಅಂಥ ಪ್ರಶ್ನೆಗಳ ಗಾಳಿಯಲ್ಲಿ ಬೆಳೆದ ಹುಡುಗರು ನಮ್ಮ ಪಶ್ಚಿಮ ಕರಾವಳಿಗೆ ಬಂದರು. ಮಲೆಯಾಳದ ನಿಘಂಟನ್ನು 1872ರಲ್ಲಿ ಪ್ರಕಟಿಸಿದ ಹರ್ಮನ್ ಗುಂಡರ್ಟ್ ಸಹ ಇಲ್ಲಿಂದಲೇ ಪದವಿ ಪಡೆದು ಹೊರಟವರು. ಹಳೆಯ ಬರಹವನ್ನು ಪಾಠಾಂತರಗಳೊಡನೆ ಹೋಲಿಸಿ ಓದುವ ಅಭ್ಯಾಸ ಅವರಿಗೆ ಇಲ್ಲಿ ಆಗಿತ್ತು. ಅದರ ಫಲ ಅವರ ಧರ್ಮಪ್ರಚಾರಕ್ಕಿಂತ ನಮ್ಮ ಭಾಷೆಗಳಿಗೇ ಹೆಚ್ಚಾಗಿ ದಕ್ಕಿತೆಂದು ನನ್ನ ಅಭಿಪ್ರಾಯ.

ಮೋಗ್ಲಿಂಗ್ 1836ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಮಂಗಳೂರಿಗೆ ಬಂದರು. ಬಾಸೆಲ್ ಮಿಷನ್ ಅಲ್ಲಿ ಕೆಲಸ ಆರಂಭಿಸಿ ಆಗಿನ್ನೂ ಎರಡು ವರ್ಷ. ಅವರು ಮತಾಂತರದ ಉದ್ದೇಶದಿಂದ ಬಂದವರೆಂಬುದನ್ನು ಮರೆಮಾಚಬೇಕಾಗಿಲ್ಲ, ಅವರೂ ಮರೆಮಾಚಲಿಲ್ಲ. ಆದರೆ ಬಂದವರು ಇಲ್ಲಿಯ ಕಾವ್ಯವನ್ನು ಕಿವಿಗೊಟ್ಟು ಕೇಳಿದರು. 1848ರಿಂದ 1853ರವರೆಗೆ ಅವರು ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವಿದೆ, ಲಕ್ಷ್ಮೀಶನ ಜೈಮಿನಿ ಭಾರತವಿದೆ, ಕನಕದಾಸರ ಹರಿಭಕ್ತಿಸಾರವಿದೆ, ದಾಸರ ಪದಗಳಿವೆ. ಬಾಯಿಯಿಂದ ಬಾಯಿಗೆ ಹರಿದುಬರುತ್ತಿದ್ದ ಹಾಡನ್ನೂ ಓಲೆಗರಿಯಲ್ಲಿದ್ದ ಕಾವ್ಯವನ್ನೂ ಅಚ್ಚಿಗೆ ತಂದವರಲ್ಲಿ ಅವರು ಮೊದಲಿಗರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ತನ್ನ ಈ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕಾಗಿ ಯೂರೋಪಿನ ವಿಶ್ವವಿದ್ಯಾಲಯವೊಂದು ಮನ್ನಣೆ ತೋರಿದ ಆ ವರ್ಷ, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು ಆರಂಭವಾದ ವರ್ಷವೂ ಹೌದು.

ಇನ್ನು ಫರ್ಡಿನಂಡ್ ಕಿಟ್ಟೆಲ್. ಇವರು ಟ್ಯೂಬಿಂಗೆನ್ನಿನ ಕಡೆಯವರಲ್ಲ. ಜರ್ಮನಿಯ ಉತ್ತರ ತುದಿಯ ಕಡಲಂಚಿನಲ್ಲಿ, 1832ರ ಏಪ್ರಿಲ್ 7ರಂದು ಹುಟ್ಟಿದವರು. ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದೂ ಅದೇ ವರ್ಷ. ತನಗಿಂತ ಹಿರಿದಾದ ನಿಘಂಟನ್ನು ರಚಿಸುವವನ ಜನ್ಮವರ್ಷದಲ್ಲಿಯೇ ಅದು ಬೆಳಕು ಕಂಡಿತು. ಕಿಟ್ಟೆಲ್ ಬಾಸೆಲ್ಲಿನಲ್ಲಿ ಓದಿ 1853ರಲ್ಲಿ ಭಾರತಕ್ಕೆ ಬಂದಾಗ ವಯಸ್ಸು 21, ಅಂದರೆ ಇಂದು ಪದವಿ ಮುಗಿಸುವ ಹುಡುಗನ ವಯಸ್ಸು. ಧಾರವಾಡ, ಹುಬ್ಬಳ್ಳಿಗಳ ಸುತ್ತ ನಡೆದಾಡಿ ಕನ್ನಡ ಕಲಿತರು. ಯೇಸುವಿನ ಕಥೆಯನ್ನು ಕನ್ನಡದ ದೇಸಿ ಛಂದಸ್ಸಿಗೆ ಇಳಿಸಿ ‘ಕಥಾಮಾಲೆ’ ಎಂದು 1862ರಲ್ಲಿ ಪ್ರಕಟಿಸಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. ಛಂದೋಂಬುಧಿಗೆ ಅವರು ಬರೆದ ಪೀಠಿಕೆಯಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯ ಒಂದು ಮೊದಲ ರೇಖಾಚಿತ್ರವಿದೆ. ನರಸಿಂಹಾಚಾರ್ಯರ ‘ಕವಿಚರಿತೆ’ಯ ಮೊದಲ ಸಂಪುಟ ಹೊರಬಂದದ್ದು 1907ರಲ್ಲಿ ಎಂಬುದನ್ನು ನೆನೆದರೆ ಆ ಪ್ರಯತ್ನದ ಬೆಲೆ ತಿಳಿಯುತ್ತದೆ.

ನಿಘಂಟಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಮಧ್ಯೆ ಒಮ್ಮೆ ಸ್ವದೇಶಕ್ಕೆ ಮರಳಿದ್ದವರು ಅದಕ್ಕಾಗಿ ಮತ್ತೆ ಕಡಲು ದಾಟಿ ಬಂದರು. ಕಣ್ಣು ಮಂದವಾದರೂ ಬಿಡಲಿಲ್ಲ. ಸುಮಾರು 70,000 ಶಬ್ದಗಳ, ಒಂದು ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳ ಆ ಗ್ರಂಥ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಪಂಪನ ಕಡೆಯ ಹಳಗನ್ನಡದ ಮಾತಿನ ಪಕ್ಕದಲ್ಲಿ ಹುಬ್ಬಳ್ಳಿಯ ಸಂತೆಯ ಗಾದೆ ಕುಳಿತಿರುವುದು ಅದರ ಸೊಗಸು. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು, ನಮ್ಮ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಬೃಹತ್ ನಿಘಂಟನ್ನು 1970ರಿಂದ 1995ರವರೆಗೆ ಹೊರತಂದಿತು. ಆದರೂ ಹಳೆಯ ಶಬ್ದವೊಂದು ಕಣ್ಣಿಗೆ ಬಿದ್ದಾಗ ಕೈ ಮೊದಲು ಕಿಟ್ಟೆಲ್ಲರ ಕಡೆಗೇ ಹೋಗುವವರು ಇನ್ನೂ ಇದ್ದಾರೆ, ನಾನೂ ಅವರಲ್ಲೊಬ್ಬ.

ಕೊನೆಗೆ ಭಾರತವನ್ನು ಬಿಟ್ಟ ಕಿಟ್ಟೆಲ್ ಬಂದು ನೆಲೆಸಿದ್ದು ಈ ಟ್ಯೂಬಿಂಗೆನ್ನಿನಲ್ಲಿ. ಅವರಿಗೆ ಇದಕ್ಕಿಂತ ತಕ್ಕ ಊರು ಇರಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಚ್ಚಾದ ಏಳು ಸಂಪುಟಗಳ ಸಂಸ್ಕೃತ ಮಹಾಕೋಶದ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ರುಡಾಲ್ಫ್ ರೋತ್ ಇಲ್ಲಿಯ ಪ್ರಾಧ್ಯಾಪಕರು. ಮಲೆಯಾಳದ ಗುಂಡರ್ಟರು ಇಲ್ಲಿಯ ವಿದ್ಯಾರ್ಥಿ. ಸಂಸ್ಕೃತ, ಮಲೆಯಾಳ, ಕನ್ನಡ ಮೂರರ ಕೋಶಕಾರರ ನೆರಳು ಈ ಇಕ್ಕಟ್ಟಾದ ಕಲ್ಲುಹಾಸಿನ ಓಣಿಗಳಲ್ಲಿ ಬಿದ್ದಿದೆ. 1896ರಲ್ಲಿ ವಿಶ್ವವಿದ್ಯಾಲಯ ಕಿಟ್ಟೆಲ್ಲರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ಇಲ್ಲಿಯೇ ತೀರಿಕೊಂಡರು.

ಊರಿನ ದೊಡ್ಡ ಚರ್ಚಿನ ಎದುರಿಗೆ ಹೆಕೆನ್‌ಹೌವರ್ ಎಂಬ ಹಳೆಯ ಪುಸ್ತಕದಂಗಡಿ ಇತ್ತು. 1895ರಿಂದ 1899ರವರೆಗೆ ಅಲ್ಲಿ ಪುಸ್ತಕದ ಧೂಳು ಹೊಡೆಯುತ್ತ, ಕಟ್ಟು ಕಟ್ಟುತ್ತ ಕೆಲಸ ಕಲಿತ ಹುಡುಗ ಹರ್ಮನ್ ಹೆಸ್ಸೆ, ಮುಂದೆ 1922ರಲ್ಲಿ ‘ಸಿದ್ಧಾರ್ಥ’ ಬರೆದವನು. ಅವನು ಗುಂಡರ್ಟರ ಮೊಮ್ಮಗ. ಅವನ ತಾಯಿ ಹುಟ್ಟಿದ್ದು ತಲಚೇರಿಯಲ್ಲಿ. ತಂದೆ ಬಾಸೆಲ್ ಮಿಷನ್ನಿನವರಾಗಿ ಕೆಲವು ಕಾಲ ನಮ್ಮ ಕರಾವಳಿಯಲ್ಲಿ ದುಡಿದವರು. ಅಂಗಡಿಯಲ್ಲಿ 18ರ ಹುಡುಗ, ಅದೇ ಊರಿನಲ್ಲಿ 63ರ ಕೋಶಕಾರ. ಒಬ್ಬನಿಗೆ ಭಾರತ ಮನೆಮಂದಿಯ ಮಾತಿನಲ್ಲಿ ಕೇಳಿದ ನಾಡು, ಇನ್ನೊಬ್ಬರಿಗೆ ಬದುಕಿ ಬಿಟ್ಟುಬಂದ ನಾಡು.

ಇಷ್ಟನ್ನು ನೋಡಿ ಭಾನುವಾರ ಸಂಜೆ ಹಿಂದಿರುಗುವಾಗ ನನ್ನ ಮನಸ್ಸನ್ನು ಕೊರೆದದ್ದು ಬೇರೊಂದು ಮಾತು. ಈ ದಂಡೆಯಿಂದ ನಮ್ಮ ದಂಡೆಗೆ ಬಂದ ವಿದ್ಯಾರ್ಥಿಗಳನ್ನು ಬಲ್ಲೆವು. ಬೆಂಗಳೂರಿನಲ್ಲಿ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕಿಟ್ಟೆಲ್ಲರ ಪ್ರತಿಮೆಯಿದೆ. ನಮ್ಮ ಕಡೆಯ ಜನ ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಅರ್ಧ ಗಂಟೆಯೊಳಗೆ ಅದರ ಸಮೀಪ ಇಳಿಯಬಹುದು. ಆದರೆ ನಮ್ಮ ದಂಡೆಯಿಂದ ಆ ದಂಡೆಗೆ ಓದಲು ಹೋದ ಮೊದಲಿಗ ಯಾರು? ಅವನಿಗೆ ಪ್ರತಿಮೆಯಿಲ್ಲ. ಅವನ ಹೆಸರು ಆನಂದರಾವ್ ಕೌಂಡಿನ್ಯ.

ಆನಂದರಾಯ ಮಂಗಳೂರಿನ ಬ್ರಾಹ್ಮಣ ಮನೆತನದ ಹುಡುಗ, ಜನನ 1825. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಮೋಗ್ಲಿಂಗರ ಶಿಷ್ಯ. 1844ರ ಜನವರಿಯಲ್ಲಿ, ಮಂಗಳೂರ ಸಮಾಚಾರ ಆರಂಭವಾಗಿ ಆರು ತಿಂಗಳಾಗಿದ್ದಾಗ, ಅವನು ಇನ್ನಿಬ್ಬರು ಗೆಳೆಯರೊಡನೆ ಕ್ರೈಸ್ತಮತವನ್ನು ಸೇರಿದ. ಪಟ್ಟಣ ಕೆರಳಿತು. ಮನೆ, ಬಂಧುಬಳಗ, ಪಂಕ್ತಿ ಎಲ್ಲವೂ ಒಂದೇ ದಿನದಲ್ಲಿ ತಪ್ಪಿಹೋದವು. ಗುರುವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. ಗೋತ್ರದ ಹೆಸರನ್ನು ಮಾತ್ರ ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಮತಾಂತರದ ಸರಿತಪ್ಪುಗಳನ್ನು ತೂಗುವುದು ಇಲ್ಲಿ ನನ್ನ ಕೆಲಸವಲ್ಲ. ಹದಿನೆಂಟು ಹತ್ತೊಂಬತ್ತರ ಹುಡುಗ ತೆತ್ತ ಬೆಲೆಯನ್ನಂತೂ ಯಾರೂ ಅಲ್ಲಗಳೆಯುವಂತಿಲ್ಲ. ಅವನ ತಾಯಿ ತಂದೆಯರ ದುಃಖವೂ ಅಷ್ಟೇ ನಿಜ.

ಆರೋಗ್ಯ ಕೆಟ್ಟು ಯೂರೋಪಿಗೆ ಹೊರಟ ಮೋಗ್ಲಿಂಗರು ಶಿಷ್ಯನನ್ನು ಜೊತೆಗೆ ಕರೆದೊಯ್ದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಆದ್ದರಿಂದ ಅದಕ್ಕೆ ಮುನ್ನ ಯೂರೋಪಿಗೆ ಹೊರಟವರು ಈಜಿಪ್ತಿನ ಮರಳನ್ನು ದಾಟಿ ಮತ್ತೊಂದು ಹಡಗನ್ನೇರಬೇಕು, ಇಲ್ಲವೇ ಇಡೀ ಆಫ್ರಿಕವನ್ನು ಬಳಸಿ ಹೋಗಬೇಕು. ಸಮುದ್ರಯಾನ ಮಾಡಿದವನನ್ನು ಜಾತಿಯಿಂದ ಹೊರಗಿಡುವ ಕಾಲ ಅದು. ಆದರೆ ಇವನನ್ನು ಹೊರಗಿಟ್ಟು ಆಗಲೇ ಎರಡು ವರ್ಷವಾಗಿತ್ತು. 1846ರಲ್ಲಿ ಅವನು ಬಾಸೆಲ್ ತಲುಪಿ ಮಿಷನ್ನಿನ ಶಾಲೆಯನ್ನು ಸೇರಿದ. ಅಲ್ಲಿ ಐದು ವರ್ಷ ಓದಿದ.

ಇನ್ನೊಂದು ಶನಿವಾರ ನಾನು ಬಾಸೆಲ್ಲಿಗೂ ಹೋದೆ. ರೈನ್ ನದಿ ಅಲ್ಲಿ ದೊಡ್ಡದೊಂದು ಬಾಗು ತೆಗೆದುಕೊಂಡು ಉತ್ತರಕ್ಕೆ ತಿರುಗುತ್ತದೆ. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಮೂರೂ ಕೂಡುವ ಜಾಗ. ನಮ್ಮ ಕರಾವಳಿಯ ಹೆಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ ಎಲ್ಲದರ ಹಿಂದೆ 1815ರಲ್ಲಿ ಈ ಊರಿನಲ್ಲಿ ಹುಟ್ಟಿದ ಸಂಸ್ಥೆಯಿದೆ. ಹೊಳೆಯ ಮೇಲಿನ ಎತ್ತರದ ಜಗಲಿಯಲ್ಲಿ ನಿಂತು 1846ರ ಬಾಸೆಲ್ಲನ್ನು ಊಹಿಸಲು ಯತ್ನಿಸಿದೆ. ಫ್ರಾನ್ಸಿನ ಕಡೆಯಿಂದ ರೈಲು ಆಗಲೇ ಇಲ್ಲಿಗೆ ಬಂದಿತ್ತು. ಮುಂಬಯಿ ಠಾಣೆಗಳ ನಡುವೆ ರೈಲು ಓಡಿದ್ದು 1853ರಲ್ಲಿ. ಅಂದರೆ ಭಾರತಕ್ಕೆ ರೈಲು ಬರುವ ಮೊದಲೇ ಮಂಗಳೂರಿನ ಈ ಹುಡುಗ ರೈಲಿದ್ದ ಊರಿನಲ್ಲಿ ಓದುತ್ತಿದ್ದ. 1847ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಂತಗಳ ನಡುವೆ ಅಂತರ್ಯುದ್ಧವಾಯಿತು. ಕಾರಣಗಳಲ್ಲಿ ಮುಖ್ಯವಾದದ್ದು ಕ್ಯಾಥೊಲಿಕ್ ಪ್ರಾಟೆಸ್ಟೆಂಟ್ ಮತಗಳ ಜಗಳ. ಯುದ್ಧ ಒಂದು ತಿಂಗಳೊಳಗೆ ಮುಗಿಯಿತು. 1848ರಲ್ಲಿ ಫ್ರಾನ್ಸ್, ಜರ್ಮನಿಗಳಲ್ಲಿ ಕ್ರಾಂತಿಯೆದ್ದಿತು, ಅದೇ ಸೆಪ್ಟೆಂಬರಿನಲ್ಲಿ ಸ್ವಿಸ್ ಜನ ಹೊಸ ಸಂವಿಧಾನವನ್ನು ಬರೆದುಕೊಂಡರು. ಮತಕ್ಕಾಗಿ ಮನೆ ಬಿಟ್ಟು ಬಂದ ಹುಡುಗ, ಆ ಮತದೊಳಗಿನವರೇ ಪರಸ್ಪರ ಬಂದೂಕು ಹಿಡಿದ ನಾಡಿನಲ್ಲಿ ಮತಶಾಸ್ತ್ರ ಓದುತ್ತಿದ್ದ. ಪುಸ್ತಕದಿಂದ ಕಲಿಯುವುದಕ್ಕಿಂತ ಹೆಚ್ಚಿನದು ಆ ಐದು ವರ್ಷಗಳಲ್ಲಿ ಅವನ ಕಿಟಕಿಯ ಹೊರಗೇ ನಡೆಯಿತು.

ಅವನ ಅನಂತರ ನೂರಾರು ಕನ್ನಡಿಗರು ಯೂರೋಪಿಗೆ ಓದಲು ಹೋದರು. ಕೈಲಾಸಂ ಲಂಡನ್ನಿಗೆ ಭೂಗರ್ಭಶಾಸ್ತ್ರ ಕಲಿಯಲು ಹೋಗಿ ಅಲ್ಲಿಯ ನಾಟಕಶಾಲೆಗಳನ್ನು ಮನಸ್ಸಿನಲ್ಲಿ ತುಂಬಿಕೊಂಡು ಬಂದರು. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಬಂದದ್ದರಿಂದ ಕನ್ನಡಕ್ಕೆ ಸಮುದ್ರದ ಕವಿತೆಗಳು ಬಂದವು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಗುರು ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಚಿತ್ರವನ್ನು, ಮಾತು ತಿಳಿಯದ ಸ್ವೀಡಿಷ್ ಭಾಷೆಯಲ್ಲಿಯೇ, ನೋಡಿದರು. ಆ ಸಂಜೆಯ ಮಾತುಕತೆಯಿಂದ ಮೊಳೆತದ್ದು ‘ಸಂಸ್ಕಾರ’ ಎಂದು ಅವರೇ ಹೇಳಿಕೊಂಡಿದ್ದಾರೆ. ದೂರದ ಊರಿನ ಬಿಡುವಿನ ಹೊತ್ತಿನಲ್ಲಿ ಕಣ್ಣಿಗೆ ಕಂಡದ್ದು ತಮ್ಮದೇ ಅಗ್ರಹಾರ. ಇವರೆಲ್ಲ ಹೋದರು, ಬಂದರು. ಬಂದಾಗ ಊರು ಬಾಗಿಲು ತೆರೆದಿತ್ತು, ಆರತಿಯೂ ಆಯಿತು.

ಕೌಂಡಿನ್ಯ ಹಿಂದಿರುಗಿದ್ದು 1851ರಲ್ಲಿ, ಪಾದ್ರಿಯ ದೀಕ್ಷೆ ಪಡೆದು. ಅಲ್ಲಿಯ ಶಾಲೆಯಲ್ಲಿ ಓದಿ ಹೀಗೆ ಮರಳಿದ ಮೊದಲ ಭಾರತೀಯನವನು. ಆದರೆ ಮರಳಿ ಬಂದದ್ದು ಎಲ್ಲಿಗೆ ಎಂದು ಕೇಳಿದರೆ ಉತ್ತರ ಕಷ್ಟ. ಹುಟ್ಟಿದ ಬೀದಿ ಅವನದಾಗಿ ಉಳಿದಿರಲಿಲ್ಲ. ಮಿಷನ್ನಿನ ಬಿಳಿಯರ ನಡುವೆ ಅವನು ಸಹೋದ್ಯೋಗಿ ನಿಜ, ಆದರೆ ಬಣ್ಣದಿಂದಲೂ ಊಟದ ರುಚಿಯಿಂದಲೂ ಬೇರೆಯವನು. ಬಲ್ಮಠದ ಗುಡ್ಡದ ಮೇಲಿನ ಉಪದೇಶಕರ ಶಾಲೆಯಲ್ಲಿ ಹುಡುಗರಿಗೆ ಕನ್ನಡದಲ್ಲಿ ಪಾಠ ಹೇಳಿದ. 1860ರಲ್ಲಿ ವುರ್ಟೆಂಬರ್ಗಿನ, ಅಂದರೆ ಮೋಗ್ಲಿಂಗರ ನಾಡಿನ, ಮರೀ ರೈನ್‌ಹಾರ್ಟ್ ಎಂಬ ಹೆಣ್ಣನ್ನು ಮದುವೆಯಾದ. ಸಿಪಾಯಿ ದಂಗೆಯ ಹಗೆ ಇನ್ನೂ ಆರದಿದ್ದ ಆ ಹೊತ್ತಿನಲ್ಲಿ ಭಾರತೀಯನೊಬ್ಬ ಜರ್ಮನ್ ಹೆಣ್ಣನ್ನು ಧರ್ಮಪತ್ನಿಯಾಗಿ ಕೈಹಿಡಿದದ್ದು ಎಷ್ಟು ಧೈರ್ಯದ ಕೆಲಸವೆಂಬುದನ್ನು ನಾವು ಊಹಿಸಬಹುದು. ಆಕೆಯ ಧೈರ್ಯ ಅವನದಕ್ಕಿಂತ ಹೆಚ್ಚಿನದೇ ಇರಬೇಕು.

ಮೋಗ್ಲಿಂಗರು 1850ರ ದಶಕದಲ್ಲಿ ಕೊಡಗಿಗೆ ಕೆಲಸವನ್ನು ಒಯ್ದಾಗ ಕೌಂಡಿನ್ಯನೂ ಅದರಲ್ಲಿ ಪಾಲುಗೊಂಡ. ಜೀತದಿಂದ ಬಂದ ಹೊಲೆಯರ ಕುಟುಂಬಗಳಿಗೆಂದು ಅಲ್ಲಿ ಆನಂದಪುರ ಎಂಬ ಊರೇ ಎದ್ದಿತು, ಸುತ್ತ ಕಾಫಿಯ ತೋಟವಾಯಿತು. ಪಂಕ್ತಿ ತಪ್ಪಿದ ಬ್ರಾಹ್ಮಣ ಯಾವ ಪಂಕ್ತಿಗೂ ಸೇರಿಸದವರ ಜೊತೆ ನೆಲ ಕಡಿದು ಗಿಡ ನೆಟ್ಟ. ಬಾಸೆಲ್ಲಿನ ಯಾವ ಪುಸ್ತಕದಲ್ಲಿ ಅವನು ಇದನ್ನು ಓದಿದ್ದನೆಂದು ಕೇಳಿದರೆ, ಓದಿರಲಾರ ಎಂದೇ ನನ್ನ ಉತ್ತರ.

ಟ್ಯೂಬಿಂಗೆನ್ನಿನಲ್ಲಿ ಓದಿ ಮಲೆಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟರು 1893ರಲ್ಲಿ ತೀರಿಕೊಂಡರು. ಕೌಂಡಿನ್ಯನೂ ಅದೇ ವರ್ಷ ಕಣ್ಣುಮುಚ್ಚಿದ. ಮರುವರ್ಷ, ಅವನು ಹುಟ್ಟಿದ ಮಂಗಳೂರಿನಲ್ಲಿ, ಕಿಟ್ಟೆಲ್ಲರ ನಿಘಂಟು ಅಚ್ಚಾಗಿ ಬಂತು.